ಬೆಳ್ಳಿರಥಗಳಿಗೆ ಮರುಹುಟ್ಟು

ಮೋಟಾರು ಕಾರೊಂದು ಊರಿಂದೂರಿಗೆ ಕೆಡದೆ ತಲುಪಿದರೆ ಅದೇ ಸುದ್ದಿಯಾಗುತ್ತಿದ್ದ ಕಾಲವದು. 1907ರಲ್ಲಿ, ಅಲ್ಯೂಮಿನಿಯಂ ಬಣ್ಣ ಬಳಿದು ಬೆಳ್ಳಿ ಲೇಪದ ಸಲಕರಣೆಗಳಿಂದ ಸಿಂಗರಿಸಿದ್ದ ಎಎಕ್ಸ್ 201 ಸಂಖ್ಯೆಯ ರೋಲ್ಸ್-ರಾಯ್ಸ್ ಲಂಡನ್ ಮತ್ತು ಗ್ಲಾಸ್ಗೋ ನಗರಗಳ ನಡುವೆ ಹಗಲಿರುಳೆನ್ನದೆ ಓಡಾಡಿತು. 629 ಮೈಲಿ ಸಾಗಿದಾಗ ರಸ್ತೆಯ ಕುಲುಕಾಟಕ್ಕೆ ಪೆಟ್ರೋಲಿನ ನಲ್ಲಿ ತಾನಾಗಿಯೇ ಮುಚ್ಚಿಕೊಂಡು ಒಮ್ಮೆ ನಿಂತಿತು. ಆಮೇಲಿನ 14,371 ಮೈಲಿಗಳಲ್ಲಿ, ಎಂದರೆ ಸುಮಾರು 23,000 ಕಿಲೋಮೀಟರ್ ಉದ್ದಕ್ಕೂ, ಯಾಂತ್ರಿಕ ದೋಷದಿಂದ ಒಮ್ಮೆಯೂ ನಿಲ್ಲಲಿಲ್ಲ. ಪರೀಕ್ಷೆ ಮುಗಿದ ಮೇಲೆ ರಾಯಲ್ ಆಟೊಮೊಬೈಲ್ ಕ್ಲಬ್‌ನವರು ಎಂಜಿನ್ನನ್ನು ಬಿಚ್ಚಿ ಒಂದೊಂದು ಭಾಗವನ್ನೂ ಅಳೆದು ನೋಡಿದರು. ಸವೆದದ್ದನ್ನೆಲ್ಲ ಬದಲಿಸಿ ಹೊಸದರಂತೆ ಮಾಡಲು ತಗಲುವ ವೆಚ್ಚ ಎರಡು ಪೌಂಡು ಚಿಲ್ಲರೆ ಎಂದು ಲೆಕ್ಕ ಬಂತು! 'ಸಿಲ್ವರ್ ಘೋಸ್ಟ್' ಎಂಬ ಹೆಸರು ಜಗದ್ವಿಖ್ಯಾತವಾದದ್ದು ಹೀಗೆ.

ಹಳೆಯ ಕಾರುಗಳ ಸಂಗ್ರಾಹಕರು ಇಂದಿಗೂ ಈ ವಾಹನವನ್ನು ಭಕ್ತಿಯಿಂದ ನೆನೆಯುವುದಕ್ಕೆ ಮೂಲ ಕಾರಣ ಅದರ ಹೃದಯಭಾಗ. ಆರು ಸಿಲಿಂಡರುಗಳನ್ನು ಮೂರು ಮೂರರಂತೆ ಎರಡು ಅಚ್ಚುಗಳಲ್ಲಿ ಎರಕ ಹೊಯ್ದು, ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನ ಮೇಲೆ ಕೂರಿಸಲಾಗಿತ್ತು. ಒಟ್ಟು ಗಾತ್ರ 7,036 ಸಿ.ಸಿ. ಭಾರವಾದ ಕ್ರ್ಯಾಂಕ್‌ಶಾಫ್ಟು ಏಳು ಬೇರಿಂಗುಗಳ ಮೇಲೆ ತಿರುಗುತ್ತಿದ್ದುದರಿಂದ ನಡುಕ ಅಡಗಿತ್ತು. ಅವಕ್ಕೆ ಒತ್ತಡದಿಂದ ಎಣ್ಣೆ ಹಾಯಿಸುವ ವ್ಯವಸ್ಥೆ ಆ ದಿನಗಳಿಗೆ ಅತ್ಯಾಧುನಿಕ. ಹೆನ್ರಿ ರಾಯ್ಸ್ ಎಂಬ ಸ್ವಾಧ್ಯಾಯಿ ಎಂಜಿನಿಯರನ ಪರಿಪೂರ್ಣತೆಯ ಹಟ ಇಲ್ಲಿ ಲೋಹರೂಪ ತಾಳಿತ್ತು. 1926ರವರೆಗೆ ಈ ಮಾದರಿಯ 7,800ಕ್ಕೂ ಹೆಚ್ಚು ವಾಹನಗಳು ತಯಾರಾದವು.

ಭಾರತಕ್ಕೂ ಈ ಕಥೆಗೂ ನಂಟು ಬಹುಬೇಗ ಬೆಳೆಯಿತು. 1908ರಲ್ಲಿ 'ಪರ್ಲ್ ಆಫ್ ದಿ ಈಸ್ಟ್' ಎಂಬ ಹೆಸರಿನ ಸಿಲ್ವರ್ ಘೋಸ್ಟ್ ಮುಂಬಯಿ–ಕೊಲ್ಹಾಪುರ ಪರೀಕ್ಷಾ ಓಟದಲ್ಲಿ ಸಹ್ಯಾದ್ರಿಯ ಕಡಿದಾದ ಘಾಟಿಗಳನ್ನು ಲೀಲಾಜಾಲವಾಗಿ ಏರಿ ಗೆದ್ದಿತು. ಗ್ವಾಲಿಯರ್ ಮಹಾರಾಜರು ಅದನ್ನು ಕೊಂಡರು. ಅಲ್ಲಿಂದ ಮುಂದೆ ಭಾರತದ ಅರಮನೆಗಳು ರೋಲ್ಸ್-ರಾಯ್ಸ್‌ಗೆ ನೆಚ್ಚಿನ ಮನೆಗಳಾದವು. ಪಟ್ಟದಾನೆಗಳು ನಿಲ್ಲುತ್ತಿದ್ದ ಅಂಗಳದಲ್ಲಿ ಮೋಟಾರು ರಥಗಳು ಸಾಲುಗಟ್ಟಿದವು. ಸ್ವಾತಂತ್ರ್ಯಾನಂತರ ಸಂಸ್ಥಾನಗಳು ವಿಲೀನಗೊಂಡವು, 1971ರಲ್ಲಿ ರಾಜಧನವೂ ರದ್ದಾಯಿತು. ಪೋಷಣೆಯ ಭಾರ ಹೊರಲಾರದೆ ಎಷ್ಟೋ ಕಾರುಗಳು ಕೈಬದಲಾದವು, ಕೆಲವು ಸಾಗರ ದಾಟಿದವು, ಕೆಲವು ಗುಜರಿ ಸೇರಿದವು. ಕತ್ತಲ ಕೊಟ್ಟಿಗೆಗಳಲ್ಲಿ ಧೂಳು ಹೊದ್ದು ಉಳಿದವುಗಳಿಗೆ ಈಗ ಪುನರ್ಜನ್ಮದ ಯೋಗ.

ಪುನರುಜ್ಜೀವನವೆಂದರೆ ಬಣ್ಣ ಬಳಿದು ಕ್ರೋಮಿಯಂ ಹೊಳಪು ಕೊಡುವುದೆಂದು ಹಲವರು ಭಾವಿಸುತ್ತಾರೆ. ಅದು ಕೊನೆಯ ಅಧ್ಯಾಯ. ನಿಜವಾದ ತಪಸ್ಸು ಆರಂಭವಾಗುವುದು ಎಂಜಿನ್ನಿನಲ್ಲಿ. ದಶಕಗಳಿಂದ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತುಕ್ಕಿನಿಂದ ಸಿಲಿಂಡರಿಗೆ ಕಚ್ಚಿಕೊಂಡಿರುತ್ತವೆ. ಇಂಥ ಸ್ಥಿತಿಯನ್ನು ಗ್ಯಾರೇಜಿನವರು 'ಜಾಮ್ ಆಗಿದೆ' ಎನ್ನುತ್ತಾರೆ. ಹ್ಯಾಂಡಲ್ ಹಾಕಿ ಬಲವಂತವಾಗಿ ತಿರುಗಿಸಿದರೆ ಅನರ್ಥ. ನುರಿತ ಮೆಕ್ಯಾನಿಕ್ ಸಿಲಿಂಡರಿಗೆ ಎಣ್ಣೆ ಹೊಯ್ದು ವಾರಗಟ್ಟಲೆ ಕಾಯುತ್ತಾನೆ. ಅನಂತರ ಪ್ರತಿ ಭಾಗದ ಛಾಯಾಚಿತ್ರ ತೆಗೆದು, ಚೀಟಿ ಕಟ್ಟಿ, ಒಂದೊಂದಾಗಿ ಬಿಚ್ಚುತ್ತಾನೆ. ಬೀಡುಕಬ್ಬಿಣದ ಬ್ಲಾಕಿನಲ್ಲಿ ಬಿರುಕಿದ್ದರೆ ಅವಸರದ ವೆಲ್ಡಿಂಗ್ ಅದನ್ನು ಇನ್ನಷ್ಟು ಸೀಳಿಬಿಡಬಹುದು. ಆದ್ದರಿಂದ ಬ್ಲಾಕನ್ನು ಇಡಿಯಾಗಿ ಕಾಯಿಸಿ, ಬೆಸೆದು, ನಿಧಾನವಾಗಿ ತಣಿಸುತ್ತಾರೆ. ಇಲ್ಲವೇ ಬಿರುಕಿನುದ್ದಕ್ಕೂ ಲೋಹದ ತುಣುಕುಗಳನ್ನು ಕೂರಿಸಿ ಬಟ್ಟೆ ಹೊಲಿದಂತೆ ಹೊಲಿಯುತ್ತಾರೆ.

ಬೇರಿಂಗುಗಳ ಕೆಲಸವಂತೂ ಶುದ್ಧ ಶಿಲ್ಪಕಲೆ. ಆ ಕಾಲದ ಎಂಜಿನ್ನುಗಳಿಗೆ ಅಂಗಡಿಯಿಂದ ತಂದು ಕೂರಿಸುವ ಸಿದ್ಧ ಶೆಲ್ಲುಗಳಿಲ್ಲ. ತವರ, ಆ್ಯಂಟಿಮನಿ, ತಾಮ್ರ ಬೆರೆತ 'ವೈಟ್ ಮೆಟಲ್' ಕರಗಿಸಿ ಹೊಯ್ಯಬೇಕು, ಲೇತಿನಲ್ಲಿ ಅಳತೆಗೆ ತರಬೇಕು. ಆಮೇಲೆ ಶಾಫ್ಟಿಗೆ ನೀಲಿ ಬಣ್ಣ ಸವರಿ ತಿರುಗಿಸಿ ನೋಡಬೇಕು. ಬಣ್ಣ ತಾಗಿದ ಉಬ್ಬುಗಳನ್ನು ಕೈಯುಳಿಯಿಂದ ಕೂದಲೆಳೆಯಷ್ಟು ಹೆರೆದು ಮತ್ತೆ ತಿರುಗಿಸಬೇಕು. ಲೋಹಕ್ಕೆ ಲೋಹ ಸಮನಾಗಿ ಕೂಡುವವರೆಗೂ ಇದೇ ಕೆಲಸ. ಈ ಹೆರೆತದ ಹದ ಬಲ್ಲ ಕೈಗಳು ವಿರಳವಾಗುತ್ತಿವೆ. ಕಾರುಗಳಿಗಿಂತಲೂ ಮೊದಲು ಸಂರಕ್ಷಿಸಬೇಕಾದದ್ದು ಈ ವಿದ್ಯೆಯನ್ನೇ ಎಂಬುದು ಈ ಲೇಖಕನ ದೃಢ ಅಭಿಪ್ರಾಯ.

ಇಂಧನವೂ ಇಂದಿನ ಸವಾಲುಗಳಲ್ಲೊಂದು. ಎಥನಾಲ್ ಬೆರೆತ ಪೆಟ್ರೋಲು ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಕೆಲವು ಹಳೆಯ ಕಾರ್ಬ್ಯುರೇಟರುಗಳಲ್ಲಿ ತೇಲುವ ಬೆಂಡಿಗೆ ಅರಗಿನ ಲೇಪವಿದ್ದು, ಎಥನಾಲ್ ಅದನ್ನೂ ಕರಗಿಸಬಲ್ಲದು. ಹೀಗಾಗಿ ಹಳೆಯ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ಉಳಿಸದಿರುವುದು ಲೇಸು.

ಆದರೂ ಆಶಾದಾಯಕ ಸಂಗತಿಗಳು ಸಾಕಷ್ಟಿವೆ. ದೆಹಲಿಯಲ್ಲಿ 1964ರಲ್ಲಿ ಆರಂಭವಾದ ಸ್ಟೇಟ್ಸ್‌ಮನ್ ರ್‍ಯಾಲಿ ದೇಶದ ಸಂಗ್ರಾಹಕರನ್ನು ಒಂದೆಡೆ ತಂದಿತು. ಕರ್ನಾಟಕದಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸ್ಥೆಯಿಂದ ರೂಪುಗೊಂಡ ಕಾರು ಸಂಗ್ರಹ ಯಾತ್ರಾರ್ಥಿಗಳ ಅಚ್ಚುಮೆಚ್ಚು. ಶ್ರೀರಂಗಪಟ್ಟಣದ ಬಳಿ ತಲೆಯೆತ್ತಿರುವ 'ಪಯಣ' ಸಂಗ್ರಹಾಲಯ ಬೆಂಗಳೂರು–ಮೈಸೂರು ಹಾದಿಯ ಕುಟುಂಬಗಳಿಗೆ ಇನ್ನೊಂದು ಭವ್ಯ ನಿಲ್ದಾಣ.

ಕಾನೂನು ಕೂಡ ಈ ಪರಂಪರೆಗೆ ಮನ್ನಣೆ ನೀಡಿದೆ. 2021ರ ಕೇಂದ್ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಗಣನೀಯ ಬದಲಾವಣೆಯಾಗದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳು 'ವಿಎ' ಅಕ್ಷರಗಳ ವಿಶೇಷ ನೋಂದಣಿ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಪ್ರದರ್ಶನ, ರ್‍ಯಾಲಿಗಳಿಗೆ ರಸ್ತೆಗಿಳಿಸಬಹುದಾದರೂ ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಅವಕಾಶವಿಲ್ಲ.

ಅರಮನೆಯ ರೋಲ್ಸ್-ರಾಯ್ಸ್‌ಗೆ ಇರುವ ಈ ಗೌರವ ಅಜ್ಜನ ಕಾಲದ ಅಂಬಾಸಿಡರಿಗೂ ಉಂಟು. ಅಂಥದ್ದೊಂದು ಹಿತ್ತಲಿನ ಶೆಡ್ಡಿನಲ್ಲಿದ್ದರೆ ಗುಜರಿಯವನ ದರಕ್ಕೆ ಮನಸೋಲುವುದು ಬೇಡ. ಮೊದಲು ಹಳೆಯ ಆರ್.ಸಿ. ಪುಸ್ತಕವನ್ನು ಹುಡುಕಿ ಜೋಪಾನ ಮಾಡಲಿ, ಕಳಚಿಬಿದ್ದ ಭಾಗಗಳನ್ನು ಎಸೆಯದೆ ಒಟ್ಟುಗೂಡಿಸಿಡಲಿ, ಬಲ್ಲವರು ನೋಡುವವರೆಗೆ ಎಂಜಿನ್ನಿಗೆ ಕೈಹಚ್ಚದಿರಲಿ.