ಕುಡಿತ ಬಿಡುವವರ ಸಭೆ: ಮೊದಲ ದಿನ ಏನು ನಡೆಯುತ್ತದೆ?

ರಾಸುಗಳ ಚಿಕಿತ್ಸೆಗೆಂದು ಮನೆಗಳಿಗೆ ಹೋದಾಗ, ಹಸುವಿನ ವಿಷಯ ಮುಗಿದ ಮೇಲೆ ಬರುವ ಇನ್ನೊಂದು ಮಾತಿದೆ. ಕೈ ತೊಳೆಯಲು ಬಿಸಿನೀರು ತಂದುಕೊಡುತ್ತಾ ತಾಯಂದಿರು ದನಿ ತಗ್ಗಿಸಿ ಕೇಳುತ್ತಾರೆ: "ಮೇಡಂ, ನಮ್ಮನೆಯವರ ಕುಡಿತ ಬಿಡಿಸೋಕೆ ಏನಾದ್ರೂ ಔಷಧಿ ಇದೆಯಾ? ಊಟದಲ್ಲಿ ಕಲಸಿಕೊಡೋ ಪುಡಿ ಸಿಗುತ್ತಂತಲ್ಲ?"

ನಾನು ಪಶುವೈದ್ಯೆ, ಮನುಷ್ಯರಿಗೆ ಔಷಧಿ ಬರೆಯುವವಳಲ್ಲ. ಆದರೂ ಇಷ್ಟು ಹೇಳಲೇಬೇಕು: ಅವರಿಗೆ ಗೊತ್ತಿಲ್ಲದಂತೆ ಏನನ್ನೂ ಕಲಸಿ ಕೊಡಬೇಡಿ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆ ದೇಹದಲ್ಲಿರುವಾಗ ಮದ್ಯ ಸೇರಿದರೆ ವಾಂತಿ, ಎದೆಬಡಿತ ಶುರುವಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುವ ಔಷಧಿ ಅದು. ಹೆಸರಿಲ್ಲದ ಪೊಟ್ಟಣದ ಪುಡಿಯಲ್ಲಿ ಏನಿದೆಯೆಂದು ಹೇಳುವವರೇ ಇಲ್ಲ.

ಆಣೆ, ಹರಕೆ ಎಲ್ಲ ಆಗಿರುತ್ತವೆ. ಅಯ್ಯಪ್ಪನ ಮಾಲೆ ಹಾಕಿದಾಗ ಶುದ್ಧವಾಗಿದ್ದವರು ಮಾಲೆ ತೆಗೆದ ವಾರದಲ್ಲೇ ಮತ್ತೆ ಶುರುಮಾಡಿರುತ್ತಾರೆ. ಮಾಲೆ ಹಾಕಿದಾಗ ಜೊತೆಗೆ ಗುರುಸ್ವಾಮಿ ಇರುತ್ತಾರೆ, ಹತ್ತು ಜನ ಸ್ವಾಮಿಗಳಿರುತ್ತಾರೆ. ಮಾಲೆ ತೆಗೆದ ಮೇಲೆ ಒಬ್ಬರೇ. ಕುಡಿತ ಬಿಡುವವರ ಸಭೆ ಈ ಒಂಟಿತನಕ್ಕೇ ಮದ್ದು ಎಂದು ನನಗನ್ನಿಸುತ್ತದೆ.

ಇಂಥ ಸಭೆಗಳಲ್ಲಿ ಹಳೆಯದು ಆಲ್ಕೊಹಾಲಿಕ್ಸ್ ಅನಾನಿಮಸ್, ಜನ ಎ.ಎ. ಎನ್ನುತ್ತಾರೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಇದನ್ನು ಆರಂಭಿಸಿದರು. ಇಬ್ಬರೂ ಕುಡಿತದಿಂದ ಹಾಳಾಗಿದ್ದವರೇ, ಅವರಲ್ಲಿ ಒಬ್ಬರಂತೂ ಶಸ್ತ್ರವೈದ್ಯರು! ವೈದ್ಯರಿಗೇ ಬಿಡಲಾಗದ್ದು ಇನ್ನೊಬ್ಬ ಕುಡುಕನ ಜೊತೆ ಕೂತು ಮಾತಾಡಿದಾಗ ಬಿಡಲು ಸಾಧ್ಯವಾಯಿತು. ಬೆಂಗಳೂರಿನಂಥ ನಗರಗಳಲ್ಲಿ ಕನ್ನಡದಲ್ಲೇ ನಡೆಯುವ ಎ.ಎ. ಸಭೆಗಳಿವೆ. ನಮ್ಮ ಹಳ್ಳಿಗಳಿಗೆ ಹೆಚ್ಚು ಪರಿಚಯವಿರುವುದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ. ಶಿಬಿರ ಮುಗಿಸಿದವರು ಆಮೇಲೂ ಕೂಡುವುದಕ್ಕೆ ನವಜೀವನ ಸಮಿತಿಗಳಿವೆ. ಯೋಜನೆಯ ಸಂಘದಲ್ಲಿದ್ದರೆ ನಿಮ್ಮ ಸೇವಾಪ್ರತಿನಿಧಿಯನ್ನು ಕೇಳಿ.

ಎ.ಎ. ಸಭೆ ಸಾಮಾನ್ಯವಾಗಿ ಶಾಲೆಯ ಕೊಠಡಿಯಲ್ಲೋ ಚರ್ಚಿನ ಆವರಣದಲ್ಲೋ ನಡೆಯುತ್ತದೆ. ಚರ್ಚ್ ಎಂದು ಹಿಂಜರಿಯಬೇಡಿ, ಅದು ಜಾಗ ಮಾತ್ರ. ಯಾವ ಮತ, ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ಶುಲ್ಕವಿಲ್ಲ, ಅರ್ಜಿಯಿಲ್ಲ, ಆಧಾರ್ ಕಾರ್ಡ್ ಬೇಡ. ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದಿದ್ದರೆ ಸಾಕು. ಸಭೆಗೆ ಡಾಕ್ಟರಾಗಲಿ ಪೊಲೀಸರಾಗಲಿ ಬರುವುದಿಲ್ಲ, ಸದಸ್ಯರಲ್ಲೇ ಒಬ್ಬರು ನಡೆಸಿಕೊಡುತ್ತಾರೆ. ಸರದಿಯಂತೆ ಒಬ್ಬೊಬ್ಬರೂ ಬರೀ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಒಪ್ಪಿಕೊಂಡು, ತಮ್ಮ ಕತೆ ಹೇಳುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಹೊಸಬರು ಮಾತಾಡಲೇಬೇಕೆಂದಿಲ್ಲ, ಸುಮ್ಮನೆ ಕೂತು ಕೇಳಬಹುದು. ಬಾಡಿಗೆಗೆ, ಟೀಗೆ ಎಂದು ಕೊನೆಯಲ್ಲಿ ಒಂದು ಚೀಲವೋ ಡಬ್ಬಿಯೋ ಕೈಯಿಂದ ಕೈಗೆ ಬರುತ್ತದೆ, ಹೊಸಬರು ಹಾಕದಿದ್ದರೂ ಸರಿ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು ಎಂಬುದು ಕಟ್ಟುನಿಟ್ಟು. ಇಡೀ ಜನ್ಮಕ್ಕೆ ಆಣೆ ಮಾಡಿಸುವುದಿಲ್ಲ. ಇವತ್ತೊಂದು ದಿನ ಕುಡಿಯದಿರಿ, ನಾಳೆಯದು ನಾಳೆಗೆ ಎನ್ನುತ್ತಾರೆ. ಏಳುವ ಮುಂಚೆ ಯಾರಾದರೂ ತಮ್ಮ ಫೋನ್ ನಂಬರ್ ಕೊಡುತ್ತಾರೆ. ಸಂಜೆ ಏಳು ಗಂಟೆಗೆ ಕಾಲು ಅಂಗಡಿಯ ಕಡೆ ಎಳೆಯುವಾಗ ಕೆಲಸಕ್ಕೆ ಬರುವುದು ಆ ನಂಬರು.

"ಅವರು ಬರಲ್ಲ ಮೇಡಂ" ಎನ್ನುತ್ತೀರಿ. ಹಾಗಾದರೆ ನೀವು ಹೋಗಿ. ಎ.ಎ.ಯಲ್ಲಿ 'ಮುಕ್ತ ಸಭೆ' ಎಂದಿರುವ ದಿನ ಮನೆಯವರೂ ಕೂರಬಹುದು. ಅದಲ್ಲದೆ ಕುಡಿಯುವವರ ಹೆಂಡತಿ, ತಾಯಿ, ಮಕ್ಕಳಿಗೆಂದೇ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ 1951ರಲ್ಲಿ ಅದನ್ನು ಕಟ್ಟಿದರು. ಗಂಡ ಕುಡಿಯುವುದಕ್ಕೆ ನೀವು ಕಾರಣರಲ್ಲ, ಅವರನ್ನು ಕಾವಲು ಕಾದು ಬಿಡಿಸಲೂ ಆಗದು ಎಂಬುದನ್ನು ಅಲ್ಲಿ ನಿಮ್ಮಂಥವರ ಬಾಯಲ್ಲೇ ಕೇಳುತ್ತೀರಿ.

ನನಗೆ ಗೊತ್ತಿರುವ ಒಬ್ಬ ಉತ್ಪಾದಕಿ ಮೊದಲು ಒಬ್ಬರೇ ಹೋದರು. ಸಂಜೆಯ ಹಾಲನ್ನು ಓರಗಿತ್ತಿ ಡೇರಿಗೆ ಹಾಕಿದರು. ತಿಂಗಳಾದ ಮೇಲೆ ಗಂಡನೂ ಬಂದರು, ಎರಡು ವಾರ ಬಿಟ್ಟರು, ಬಟವಾಡೆಯ ದಿನ ಮತ್ತೆ ಕುಡಿದರು. ನಾಚಿಕೆಯಿಂದ ಮುಂದಿನ ಸಭೆಗೆ ಹೋಗಲಾರೆ ಎಂದಾಗ ಸಭೆಯವರೇ ಫೋನ್ ಮಾಡಿ ಕರೆಸಿಕೊಂಡರು. ಈಗಲೂ ಹೋಗುತ್ತಿದ್ದಾರೆ. ಹಾಲಿನ ದುಡ್ಡು ಬರುವ ಖಾತೆ, ಎಟಿಎಂ ಕಾರ್ಡು ಮಾತ್ರ ಆಕೆಯ ಬಳಿಯೇ ಇವೆ, ಅದು ಸರಿಯಾದ ಕೆಲಸ.

ಇನ್ನೊಂದು ಮುಖ್ಯ ವಿಷಯ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಸಭೆಯ ಹುಮ್ಮಸ್ಸಿನಲ್ಲಿ ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ದೆಗೆಡುವುದು ಶುರುವಾಗುತ್ತದೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು-ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಂಡಂತೆ ಬಡಬಡಿಸಬಹುದು. ಗಾಳಿ ಸೋಕಿದೆ ಎಂದು ಕಾಯುತ್ತಾ ಕೂರಬೇಡಿ, ಪ್ರಾಣ ಹೋಗುವ ಸ್ಥಿತಿ ಅದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥವರು ಬಿಡುವ ಮುಂಚೆಯೇ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ತೋರಿಸಿಕೊಳ್ಳುವುದು ಒಳ್ಳೆಯದು.

ಎಲ್ಲಿ ವಿಚಾರಿಸುವುದೆಂದು ತಿಳಿಯದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿದು ಹೊಡೆಯುವ ಮನೆಯಾದರೆ ಸಭೆಯ ಮಾತು ಆಮೇಲೆ, ಮೊದಲು 181 ಅಥವಾ 112.