ಏಳು ದ್ವೀಪಗಳ ನಗರ: ಮುಂಬಯಿಯನ್ನು ನೋಡುವ ಒಂದು ಬಗೆ

ಮುಂಬಯಿಗೆ ಬಂದ ಪ್ರವಾಸಿಕರು ಸಾಮಾನ್ಯವಾಗಿ ನೋಡಿಹೋಗುವ ಸ್ಥಳಗಳು ಕೆಲವೇ. ಗೇಟ್‌ವೇ ಆಫ್ ಇಂಡಿಯಾ, ಅಲ್ಲಿಂದ ದೋಣಿಯಲ್ಲಿ ಘಾರಾಪುರಿ, ಸಂಜೆಗೆ ಮರೀನ್ ಡ್ರೈವ್, ಸಮಯವುಳಿದರೆ ಮಹಾಲಕ್ಷ್ಮಿಯ ದರ್ಶನ. ಇಷ್ಟಕ್ಕೆ ನಗರದರ್ಶನವು ಮುಗಿಯಿತೆಂದು ಅವರು ಭಾವಿಸುತ್ತಾರೆ. ಇವೆಲ್ಲವೂ ನೋಡತಕ್ಕವೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇವುಗಳನ್ನು ಒಂದರೊಡನೊಂದು ಪೋಣಿಸುವ ಸೂತ್ರವೊಂದಿದೆ. ಆ ಸೂತ್ರವೇ ಸಮುದ್ರ. ಇಂದು ನಾವು ನಡೆದಾಡುವ ನೆಲದ ದೊಡ್ಡದೊಂದು ಭಾಗವು ಮುನ್ನೂರು ವರ್ಷಗಳ ಹಿಂದೆ ನೀರಾಗಿತ್ತು ಇಲ್ಲವೆ ಜೌಗಾಗಿತ್ತು. ಎಲ್ಲಿ ನೀರಿತ್ತು, ಎಲ್ಲಿ ನೆಲವಿತ್ತು ಎಂದು ಕೇಳುತ್ತ ನಡೆದರೆ ಕೇರಿಗಳ ಹೆಸರುಗಳೇ ಉತ್ತರ ಹೇಳತೊಡಗುತ್ತವೆ. ಅಂತಹ ದರ್ಶನಕ್ಕೆ ನೆರವಾಗುವ ಕೆಲವು ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿದೆ.

೧. ಬಂದರಿಗಿಂತ ಮೊದಲು

ಮುಂಬಯಿಯು ಆಂಗ್ಲರು ಹುಟ್ಟಿಸಿದ ನಗರವೆಂಬ ಮಾತು ಅರ್ಧ ಸತ್ಯ ಮಾತ್ರ. ಗೇಟ್‌ವೇಯಿಂದ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿರುವ ಘಾರಾಪುರಿಯ ಶೈವ ಗುಹಾಲಯವೇ ಅದಕ್ಕೆ ಸಾಕ್ಷಿ. ಜನರು ತ್ರಿಮೂರ್ತಿಯೆಂದು ಕರೆಯುವ, ವಾಸ್ತವವಾಗಿ ಸದಾಶಿವನದಾದ ಅಲ್ಲಿಯ ವಿಗ್ರಹವು ಸುಮಾರು ಹದಿನೆಂಟು ಅಡಿ ಎತ್ತರವಿದೆ. ಈ ಗುಹೆಯನ್ನು ಚಾಲುಕ್ಯರಿಗೆ ಅಥವಾ ರಾಷ್ಟ್ರಕೂಟರಿಗೆ ಆರೋಪಿಸುವ ವಾಡಿಕೆ ಹಿಂದೆ ಇತ್ತು. ದ್ವೀಪದಲ್ಲಿ ಕಲಚುರಿ ಕೃಷ್ಣರಾಜನ ನಾಣ್ಯಗಳು ದೊರೆತ ಮೇಲೆ, ಅದು ಕ್ರಿ.ಶ. ಆರನೆಯ ಶತಮಾನದ ಕೃತಿಯೆಂಬ ಅಭಿಪ್ರಾಯವು ಬಲಗೊಂಡಿದೆ. ಆದರೂ ಕನ್ನಡಿಗನಿಗೆ ಇಲ್ಲಿ ನೆನೆಯಬೇಕಾದುದೊಂದಿದೆ. ಕ್ರಿ.ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯು ನೌಕಾಬಲದಿಂದ ಮುತ್ತಿದ ಪುರಿಯೆಂಬ ಪಟ್ಟಣವನ್ನು ಪಶ್ಚಿಮ ಸಮುದ್ರದ ಲಕ್ಷ್ಮಿಯೆಂದು ವರ್ಣಿಸಿದ್ದಾನೆ. ಆ ಪುರಿಯು ಘಾರಾಪುರಿಯೇ ಎಂದು ಕೆಲವು ವಿದ್ವಾಂಸರೂ, ದಕ್ಷಿಣದ ರಾಜಪುರಿಯೆಂದು ಇನ್ನು ಕೆಲವರೂ ಹೇಳುತ್ತಾರೆ.

ಈ ವಿವಾದಕ್ಕೆ ಎಡೆಯಿಲ್ಲದ ಆಧಾರವು ನಗರದ ಉತ್ತರಕ್ಕೆ, ಬೋರಿವಲಿಯ ಅರಣ್ಯದೊಳಗಿರುವ ಕಾನ್ಹೇರಿಯಲ್ಲಿ ದೊರೆಯುತ್ತದೆ. ನೂರಕ್ಕೂ ಮಿಕ್ಕ ಬೌದ್ಧ ಗುಹೆಗಳಿರುವ ಈ ಬೆಟ್ಟಕ್ಕೆ ಪ್ರಾಚೀನರು ಕೃಷ್ಣಗಿರಿಯೆಂದು ಹೆಸರಿಟ್ಟಿದ್ದರು. ಇಲ್ಲಿಯ ಶಕ ೭೭೫ ಮತ್ತು ೭೯೯ರ ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನನ್ನು ಸಾರ್ವಭೌಮನೆಂದೂ, ಶಿಲಾಹಾರ ಕಪರ್ದಿಯನ್ನು ಕೊಂಕಣವನ್ನಾಳುವ ಅವನ ಮಾಂಡಲಿಕನೆಂದೂ ಹೆಸರಿಸಿ, ಬೌದ್ಧ ವಿಹಾರಕ್ಕೆ ಕೊಟ್ಟ ದಾನಗಳನ್ನು ದಾಖಲಿಸುತ್ತವೆ. ಕವಿರಾಜಮಾರ್ಗದೊಡನೆ ಯಾವ ನೃಪತುಂಗನ ಹೆಸರು ಬೆಸೆದುಕೊಂಡಿದೆಯೋ ಅವನ ಹೆಸರು ಮುಂಬಯಿಯ ಲೋಕಲ್ ರೈಲು ಮುಟ್ಟುವ ದೂರದಲ್ಲಿಯೇ ಬಂಡೆಯ ಮೇಲೆ ಕೊರೆಯಲ್ಪಟ್ಟಿದೆ. ಇದನ್ನು ಬಲ್ಲ ಕನ್ನಡಿಗರು ನಮ್ಮಲ್ಲಿ ಎಷ್ಟು ಮಂದಿ?

೨. ದ್ವೀಪಗಳು ಕೂಡಿದ ಕಥೆ

ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಝಗಾಂವ್, ಪರೇಲ್, ವರಳಿ, ಮಾಹಿಮ್ ಎಂಬಿವು ಆ ಏಳು ದ್ವೀಪಗಳು. ಇವುಗಳ ಆದಿವಾಸಿಗಳು ಮೀನುಗಾರರಾದ ಕೋಳಿ ಜನರು. ನಗರಕ್ಕೆ ಹೆಸರು ಕೊಟ್ಟ ಮುಂಬಾದೇವಿಯು ಅವರ ದೇವತೆ. ೧೫೩೪ರಲ್ಲಿ ಗುಜರಾತದ ಸುಲ್ತಾನನಿಂದ ಪೋರ್ಚುಗೀಸರಿಗೂ, ೧೬೬೧ರ ವಿವಾಹದ ಒಪ್ಪಂದದಿಂದ ಆಂಗ್ಲ ದೊರೆಗೂ ಸಂದ ಈ ದ್ವೀಪಗಳನ್ನು ೧೬೬೮ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ವರ್ಷಕ್ಕೆ ಹತ್ತು ಪೌಂಡುಗಳ ಗೇಣಿಗೆ ಪಡೆಯಿತು.

ಅಂದು ಭರತದ ವೇಳೆಯಲ್ಲಿ ಸಮುದ್ರವು ವರಳಿಗೂ ಮುಂಬಯಿ ದ್ವೀಪಕ್ಕೂ ನಡುವಣ ಬಿರುಕಿನಿಂದ ಒಳನುಗ್ಗಿ ಮಧ್ಯದ ತಗ್ಗನ್ನೆಲ್ಲ ಮುಳುಗಿಸುತ್ತಿತ್ತು. ಗವರ್ನರ್ ಹಾರ್ನ್‌ಬಿಯ ಕಾಲದಲ್ಲಿ, ೧೭೮೪ರ ಸುಮಾರಿಗೆ, ಆ ಬಿರುಕಿಗೆ ಕಲ್ಲಿನ ಒಡ್ಡನ್ನು ಕಟ್ಟಿ ಮುಗಿಸಲಾಯಿತು. ಕಟ್ಟಿದ ಒಡ್ಡು ಮತ್ತೆ ಮತ್ತೆ ಕುಸಿಯುತ್ತಿರಲು, ಸಮುದ್ರದಲ್ಲಿರುವ ವಿಗ್ರಹಗಳನ್ನು ಎತ್ತಬೇಕೆಂದು ದೇವಿಯು ಸ್ವಪ್ನದಲ್ಲಿ ಹೇಳಿದಳೆಂದೂ, ಹಾಗೆ ದೊರೆತ ವಿಗ್ರಹಗಳಿಗಾಗಿಯೇ ಮಹಾಲಕ್ಷ್ಮಿಯ ಗುಡಿ ಎದ್ದಿತೆಂದೂ ಐತಿಹ್ಯವಿದೆ. ಐತಿಹ್ಯವನ್ನು ನಂಬಲಿ ಬಿಡಲಿ, ಗುಡಿಯ ಹಿಂದಿನ ಬಂಡೆಗಳ ಮೇಲೆ ನಿಂತವರಿಗೆ ಅಂದಿನ ಕೆಲಸದ ಕಷ್ಟವು ಮನಸ್ಸಿಗೆ ಬರುತ್ತದೆ. ಅನಂತರ ೧೮೩೮ರಲ್ಲಿ ಕೊಲಾಬಾದ ಸೇತುಮಾರ್ಗವೂ, ೧೮೪೫ರಲ್ಲಿ ಆವಾಬಾಯಿ ಜೀಜೀಭಾಯಿಯವರ ದಾನದಿಂದ ಮಾಹಿಮ್‌ನ ಸೇತುಮಾರ್ಗವೂ ಸಿದ್ಧವಾದವು.

೩. ಹೆಸರುಗಳಲ್ಲಿ ಉಳಿದ ನೀರು

ನೀರು ಹೋದರೂ ಹೆಸರು ಹೋಗಲಿಲ್ಲ. ಮುಂಬಾದೇವಿಯ ಇಂದಿನ ಗುಡಿಯ ಸಮೀಪದಲ್ಲಿರುವ ಪಾಯಧುನಿಯೆಂದರೆ ಕಾಲು ತೊಳೆಯುವ ಜಾಗ. ಇಲ್ಲಿ ಹರಿಯುತ್ತಿದ್ದ ಉಪ್ಪುನೀರನ್ನು ದಾಟಿದವರ ಕಾಲು ತೊಯ್ಯುತ್ತಿತ್ತು. ಉಮರಖಾಡಿಯ ಕೊನೆಯಲ್ಲಿರುವ ಖಾಡಿಯೆಂಬುದಕ್ಕೆ ಮರಾಠಿಯಲ್ಲಿ ಸಮುದ್ರದ ಕವಲು ಎಂದರ್ಥ. ಅದರ ಪಕ್ಕದ ಡೋಂಗರಿಯು ಗುಡ್ಡ. ಈ ಮೂರು ಹೆಸರುಗಳನ್ನು ಒಟ್ಟಿಗಿಟ್ಟರೆ ಕವಲು, ದಾಟುವ ಸ್ಥಳ, ದಡದ ದಿಬ್ಬ ಎಂಬ ಹಳೆಯ ಭೂಚಿತ್ರವು ತಾನಾಗಿ ಮೂಡುತ್ತದೆ. ಅಂಗಡಿಸಾಲುಗಳಿಂದ ಕಿಕ್ಕಿರಿದ ಈ ಕೇರಿಗಳನ್ನು ಬೆಳಗಿನ ಹೊತ್ತು ಕಾಲ್ನಡಿಗೆಯಲ್ಲಿಯೇ ನೋಡಬೇಕು.

ಮಲಬಾರ ಗುಡ್ಡದ ತುದಿಯ ವಾಳಕೇಶ್ವರದಲ್ಲಿರುವ ಬಾಣಗಂಗೆಯು ಬೇರೊಂದು ವಿಸ್ಮಯ. ಸಮುದ್ರದಿಂದ ಕೂಗಳತೆಯಲ್ಲಿದ್ದರೂ ಇದರ ಒರತೆ ಸಿಹಿನೀರಿನದು. ಶ್ರೀರಾಮನ ಬಾಣದಿಂದ ಹುಟ್ಟಿತೆಂದು ಪ್ರತೀತಿ. ಪಾಳುಬಿದ್ದಿದ್ದ ಗುಡಿಯನ್ನೂ ಕೊಳವನ್ನೂ ೧೭೧೫ರಲ್ಲಿ ಪುನಃ ಕಟ್ಟಿಸಿದವನು ಸಾರಸ್ವತ ವರ್ತಕನಾದ ರಾಮಾ ಕಾಮತಿ. ಕಾಶೀ ಮಠ, ಕವಳೆ ಮಠಗಳ ಸ್ಥಾನಗಳು ಇಲ್ಲಿರುವುದರಿಂದ ನಮ್ಮ ಕರಾವಳಿಯ ಅನೇಕ ಕುಟುಂಬಗಳಿಗೆ ಈ ಮೆಟ್ಟಿಲುಗಳು ಪರಿಚಿತವೇ.

೪. ಕೋಟೆಯ ಪರಿಸರ

ಇಲ್ಲಿಯ ಕನ್ನಡಿಗರು ಇಂದಿಗೂ ಕೋಟೆಯೆಂದು ಕರೆಯುವ ಭಾಗದಲ್ಲಿ ಕೋಟೆಯ ಗೋಡೆಗಳಿಲ್ಲ. ಗವರ್ನರ್ ಬಾರ್ಟಲ್ ಫ್ರೇರನ ಆಡಳಿತದಲ್ಲಿ, ೧೮೬೦ರ ದಶಕದಲ್ಲಿ, ಅವುಗಳನ್ನು ಕೆಡವಲಾಯಿತು. ಸೇಂಟ್ ಥಾಮಸ್ ಇಗರ್ಜಿಗೆ ದಾರಿಯಾಗಿದ್ದ ಬಾಗಿಲು ಚರ್ಚ್‌ಗೇಟ್ ನಿಲ್ದಾಣದ ಹೆಸರಾಗಿ ಮಾತ್ರ ಉಳಿದಿದೆ. ಗೋಡೆ ತೆಗೆದ ಜಾಗದಲ್ಲಿ ಗಾಥಿಕ್ ಶೈಲಿಯ ಭವ್ಯ ಕಟ್ಟಡಗಳು ಎದ್ದವು. ಪ್ರೇಮಚಂದ ರಾಯಚಂದನು ತನ್ನ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ರಾಜಾಬಾಯಿ ಗೋಪುರವು ೧೮೭೮ರಲ್ಲಿ ಪೂರ್ಣವಾಯಿತು. ಸ್ಟೀವನ್ಸನು ರಚಿಸಿದ ಬೋರಿಬಂದರದ ರೈಲುನಿಲ್ದಾಣಕ್ಕೆ ಅದೇ ವರ್ಷ ಆರಂಭವಾಗಿ ಹತ್ತು ವರ್ಷ ಹಿಡಿಯಿತು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಎಂಬ ಹೆಸರಿನ ಈ ನಿಲ್ದಾಣವನ್ನು ೨೦೦೪ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಅವಶ್ಯವಾಗಿ ಮಾಡಬೇಕಾದ ಕೆಲಸವೊಂದಿದೆ. ಓವಲ್ ಮೈದಾನದ ನಡುವೆ ನಿಂತು ಎರಡು ದಿಕ್ಕಿಗೂ ನೋಡಬೇಕು. ಪೂರ್ವಕ್ಕೆ ಹತ್ತೊಂಬತ್ತನೆಯ ಶತಮಾನದ ಗೋಪುರಗಳು. ಒಂದು ಕಾಲಕ್ಕೆ ಇವು ಸಮುದ್ರಾಭಿಮುಖವಾಗಿದ್ದವು. ಪಶ್ಚಿಮಕ್ಕೆ ೧೯೩೦ರ ದಶಕದ ಆರ್ಟ್ ಡೆಕೋ ಮನೆಗಳು. ಇವು ಬ್ಯಾಕ್‌ಬೇಯನ್ನು ತುಂಬಿ ಪಡೆದ ನೆಲದ ಮೇಲೆ ನಿಂತಿವೆ. ಈ ಎರಡೂ ಸಾಲುಗಳು ೨೦೧೮ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ಸಮುದ್ರವನ್ನು ತುಂಬುವ ಈ ಯೋಜನೆಯ ಅವ್ಯವಹಾರಗಳನ್ನು ೧೯೨೦ರ ದಶಕದಲ್ಲಿ ಬಯಲಿಗೆಳೆದವರು ಕೆ. ಎಫ್. ನರಿಮನ್. ಮುಂದೆ ಅದೇ ಬಗೆಯಲ್ಲಿ ತುಂಬಿದ ನೆಲಕ್ಕೆ ನರಿಮನ್ ಪಾಯಿಂಟ್ ಎಂಬ ಹೆಸರು ಬಂದಿತು.

೫. ಗಿರಣಗಾಂವ್, ಮಾಟುಂಗಾ

ಬೈಕಳಾದಲ್ಲಿರುವ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ತೋಟದಲ್ಲಿ ಒಂದು ಕಲ್ಲಾನೆ ನಿಂತಿದೆ. ಘಾರಾಪುರಿಗೆ ಪೋರ್ಚುಗೀಸರು ಎಲಿಫೆಂಟಾ ಎಂದು ಹೆಸರಿಟ್ಟುದು ಈ ಆನೆಯಿಂದಲೇ. ಅಲ್ಲಿಂದ ಉತ್ತರಕ್ಕೆ, ದ್ವೀಪಗಳ ನಡುವಣ ತಗ್ಗುಭೂಮಿಯೂ ಸೇರಿದಂತೆ ಹಬ್ಬಿದ್ದ ಗಿರಣಿಗಳ ಸೀಮೆಗೆ ಗಿರಣಗಾಂವ್ ಎಂದು ಹೆಸರು. ೧೯೮೨ರ ಜನವರಿಯಲ್ಲಿ ಆರಂಭವಾದ ಮಹಾಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಇಂದು ಆ ಅಂಗಳಗಳಲ್ಲಿ ಮಾಲುಗಳೂ ಗಗನಚುಂಬಿಗಳೂ ಎದ್ದಿವೆ. ಅಲ್ಲಲ್ಲಿ ಉಳಿದ ಹೊಗೆಗೊಳವೆ ಮಾತ್ರ ಹಿಂದಿನ ಬಾಳಿನ ಗುರುತು.

೧೮೯೬ರ ಪ್ಲೇಗಿನ ತರುವಾಯ ಇಕ್ಕಟ್ಟಿನ ಕೇರಿಗಳನ್ನು ಸಡಿಲಿಸಲು ೧೮೯೮ರಲ್ಲಿ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟಿನ ಯೋಜನೆಯಂತೆ ಬೆಳೆದುದು ಮಾಟುಂಗಾ. ಅಗಲವಾದ ಬೀದಿ, ನೆರಳುಮರ, ಉದ್ಯಾನ, ಹೂವಿನ ಅಂಗಡಿ, ಉಡುಪಿ ಹೊಟೇಲು ಇವುಗಳಿಂದ ಇದು ದಕ್ಷಿಣದವರ ಕೇರಿಯಾಯಿತು. ಮೈಸೂರು ಅಸೋಸಿಯೇಶನ್ನಿನ ಮನೆಯೂ ಇಲ್ಲಿದೆ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲು ಹೊಟೇಲಿನಲ್ಲಿ ದುಡಿದು, ಇರುಳು ಕೋಟೆಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮುಂದೆ ಬಂದ ಸಂಗತಿಯು ನಗರದ ಯಾವ ಸ್ಮಾರಕಕ್ಕೂ ಕಡಿಮೆಯಾದುದಲ್ಲ.

೬. ನೀರಿನ ನೆನಪು

ಈ ಪೂರ್ವವೃತ್ತಾಂತವು ಬರಿಯ ಕುತೂಹಲದ ವಿಷಯವಲ್ಲ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಝದಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿದಾಗ, ಮಾಹಿಮ್ ಖಾಡಿಯನ್ನು ಸೇರುವ ಮೀಠೀ ನದಿಯು ತನ್ನ ಹಳೆಯ ಪಾತ್ರವನ್ನು ಮರಳಿ ವಶಪಡಿಸಿಕೊಂಡಿತು. ನದಿಯ ಜೌಗುನೆಲದ ಮೇಲೆ ಬಾಂದ್ರಾ-ಕುರ್ಲಾ ಸಂಕೀರ್ಣವು ಎದ್ದಿತ್ತು. ನೂರಾರು ಜನರು ಆ ಮಳೆಯಲ್ಲಿ ಪ್ರಾಣ ಕಳೆದುಕೊಂಡರು. ದಾದರ್ ಸಮೀಪದ ಹಿಂದಮಾತಾ ಪರಿಸರವು ಮಳೆಗಾಲದಲ್ಲಿ ಮತ್ತೆ ಮತ್ತೆ ಮುಳುಗಿದುದಕ್ಕೂ ಅದರ ತಗ್ಗೇ ಕಾರಣ. ಹಾರ್ನ್‌ಬಿಯ ಒಡ್ಡು ಸಮುದ್ರವನ್ನು ತಡೆಯಿತಾದರೂ ತಗ್ಗನ್ನು ಎತ್ತರಿಸಲಿಲ್ಲ.

೨೦೨೪ರ ಮಾರ್ಚಿನಲ್ಲಿ ಮೊದಲು ತೆರೆದ ಕರಾವಳಿ ರಸ್ತೆಗಾಗಿ ನೂರು ಹೆಕ್ಟೇರಿಗೂ ಮಿಕ್ಕ ಸಮುದ್ರವನ್ನು ಮತ್ತೆ ತುಂಬಲಾಯಿತು. ತಮ್ಮ ದೋಣಿಗಳು ಸುರಕ್ಷಿತವಾಗಿ ಹಾಯಲು ಸೇತುವೆಯ ಕಂಬಗಳ ನಡುವಣ ಅಂತರವನ್ನು ಹೆಚ್ಚಿಸಬೇಕೆಂದು ವರಳಿಯ ಕೋಳಿಗಳು ಕೆಲಸವನ್ನೇ ತಡೆದು ಹೋರಾಡಿದರು. ಕೊನೆಗೆ ಅದನ್ನು ೧೨೦ ಮೀಟರಿಗೆ ಏರಿಸಲು ನಗರಸಭೆಯು ಒಪ್ಪಿತು. ಏಳು ದ್ವೀಪಗಳ ಮೊದಲ ನಿವಾಸಿಗಳು ಇಂದಿಗೂ ಸಮುದ್ರಕ್ಕೆ ಹೋಗುವ ದಾರಿಯನ್ನು ಕೇಳಿಯೇ ಪಡೆಯಬೇಕಾಗಿದೆ.

ಆದುದರಿಂದ ಮುಂಬಯಿಯನ್ನು ನೋಡಬಯಸುವವರು ಮೂರು ದಿನಗಳನ್ನಾದರೂ ಮೀಸಲಿಡುವುದು ಲೇಸು. ಒಂದು ದಿನ ಘಾರಾಪುರಿ ಮತ್ತು ಕೋಟೆ. ಸೋಮವಾರ ಗುಹೆಗಳು ಮುಚ್ಚಿರುತ್ತವೆ. ಒಂದು ದಿನ ಬಾಣಗಂಗೆ, ಮಹಾಲಕ್ಷ್ಮಿ, ಪಾಯಧುನಿ, ಬೈಕಳಾ. ಇನ್ನೊಂದು ದಿನ ಕಾನ್ಹೇರಿಯನ್ನು ಕಂಡು, ಮರಳುವಾಗ ಮಾಟುಂಗಾದಲ್ಲಿಳಿದು, ಸಂಜೆಗೆ ವರಳಿಯ ಕೋಳಿವಾಡೆಯ ಕೊನೆಯಲ್ಲಿರುವ ಹಳೆಯ ಕೋಟೆಯ ಬಳಿ ನಿಲ್ಲಬಹುದು. ಅಲ್ಲಿ ಒಂದೆಡೆ ಒಣಹಾಕಿದ ಬಲೆಗಳೂ ಇನ್ನೊಂದೆಡೆ ಸಮುದ್ರದ ಮೇಲಣ ಸೇತುವೆಯೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.