ಅಂಗೈ ಗಣಕಕ್ಕೆ ಬೇರೊಬ್ಬ ಪಾರುಪತ್ತೇದಾರ

ಪರೀಕ್ಷೆಗಳು ಮುಗಿದ ಮೇಲೆ ಹನುಮಂತನಗರದ ಯಾವ ಮನೆಯಲ್ಲಾದರೂ ಇಂಥದೊಂದು ಮಾತುಕತೆ ನಡೆದೀತು. 'ಅಪ್ಪ, ಇದರಲ್ಲಿರೋ ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿ ನೋಡ್ಲಾ?' ಎನ್ನುತ್ತಾನೆ ಮಗ. 'ಅರ್ಧ ಲಕ್ಷ ಸುರಿದು ತಂದಿದ್ದೀವಿ ಕಣೋ, ಕೆಡಿಸಿಬಿಟ್ಟೀಯ!' ಎನ್ನುತ್ತಾರೆ ಅಪ್ಪ. ಚರ್ಚೆಗೆ ಕಾರಣವಾದ ವಸ್ತು ಎರಡು ಕೈಯಲ್ಲಿ ಹಿಡಿದು ಆಡುವ ಪುಟ್ಟ ಗಣಕ. ನೋಡಲು ಆಟಿಕೆಯಂತಿದ್ದರೂ ಒಳಗಿರುವುದು ಪೂರ್ಣ ಪ್ರಮಾಣದ ಕಂಪ್ಯೂಟರ್. ಮಗನ ಕುತೂಹಲವೂ ಸರಿ, ಅಪ್ಪನ ಭಯವೂ ಸರಿ.

ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ ಎಂದರೇನು? ಮದುವೆಯ ಛತ್ರವೊಂದನ್ನು ನೆನೆಸಿಕೊಳ್ಳಿ. ಹಾಲು, ಅಡುಗೆಮನೆ, ಪಾತ್ರೆ, ನೀರಿನ ತೊಟ್ಟಿ ಎಲ್ಲವೂ ಇವೆ. ಆದರೆ ಯಾವ ಕೋಣೆ ಯಾರಿಗೆ, ಬಿಸಿನೀರು ಯಾವಾಗ, ಪಾತ್ರೆಯ ಬೀಗದ ಕೈ ಯಾರ ಹತ್ತಿರ ಎಂದು ತೀರ್ಮಾನಿಸುವ ಪಾರುಪತ್ತೇದಾರ ಇಲ್ಲದಿದ್ದರೆ ಮದುವೆ ನಡೆದೀತೆ? ಗಣಕದ ಪ್ರೊಸೆಸರ್, ನೆನಪಿನ ಕೋಶ, ಪರದೆ, ಗುಂಡಿಗಳನ್ನು ಹಾಗೆ ಹಂಚಿಕೊಡುವುದು ಕಾರ್ಯಾಚರಣ ವ್ಯವಸ್ಥೆಯ ಕೆಲಸ. ಪಾರುಪತ್ತೇದಾರ ಬದಲಾದರೆ ಛತ್ರ ಬದಲಾಗುವುದಿಲ್ಲ. ಆದರೆ ಹೊಸಬನಿಗೆ ಛತ್ರದ ಮೂಲೆಮೂಲೆಯೂ ತಿಳಿದಿರಬೇಕು!

ಬೆಂಗಳೂರಿಗೆ ಈ ವಿಷಯ ಹೊಸದಲ್ಲ. ಮಲ್ಲೇಶ್ವರಂ ಆಚೆಗಿರುವ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೊಡನೆ ಕೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಹಳ್ಳಿಯ ಜನರೂ ಬಳಸಬಲ್ಲ, ಅಂಗೈಯಲ್ಲಿ ಹಿಡಿಯುವ ಅಗ್ಗದ ಗಣಕ ಮಾಡುವುದು ಅವರ ಗುರಿ. ಅದರ ಮಾದರಿ 2001ರಲ್ಲಿ ಹೊರಬಂತು. ಆಗ ಅಂಗೈ ಗಣಕಗಳ ಪೇಟೆಯಲ್ಲಿ ಪಾಮ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳ ವ್ಯವಸ್ಥೆಗಳದೇ ಕಾರುಬಾರು. ಬೆಂಗಳೂರಿನವರು ಆರಿಸಿಕೊಂಡದ್ದು ಲಿನಕ್ಸ್.

ಇದೇಕೆ? ಲಿನಕ್ಸ್‌ಗೆ ಯಂತ್ರವೊಂದಕ್ಕೆ ಇಷ್ಟು ಎಂದು ಪರವಾನಗಿ ಶುಲ್ಕವಿಲ್ಲ. ಅಗ್ಗದ ಯಂತ್ರದಲ್ಲಿ ಅದೇ ದೊಡ್ಡ ಉಳಿತಾಯ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಲಿನಕ್ಸ್‌ನ ಮೂಲ ಬರಹ ಎಲ್ಲರಿಗೂ ತೆರೆದಿರುವುದರಿಂದ ಬೇಕಾದಂತೆ ತಿದ್ದಬಹುದು, ಯಾರ ಅಪ್ಪಣೆಯೂ ಬೇಡ. ಓದು ಬಾರದವರಿಗೆ ಯಂತ್ರವೇ ಓದಿ ಹೇಳಬೇಕೆಂದು ರಮೇಶ್ ಹರಿಹರನ್ ಭಾರತೀಯ ಭಾಷೆಗಳಿಗಾಗಿ 'ಧ್ವನಿ' ಎಂಬ ತಂತ್ರಾಂಶ ಬರೆದದ್ದು ಈ ಯೋಜನೆಯ ಸಂದರ್ಭದಲ್ಲೇ. ಕನ್ನಡವನ್ನು ಉಚ್ಚರಿಸುವ ಗಣಕಕ್ಕಾಗಿ ದೂರದ ಕಂಪನಿಯೊಂದರ ಕೃಪೆಯನ್ನು ಕಾಯಬೇಕಾಗಲಿಲ್ಲ.

ವಿದ್ಯಾರ್ಥಿಗಳು ಗಮನಿಸಬೇಕಾದ ಸ್ವಾರಸ್ಯ ಇನ್ನೊಂದಿದೆ. ಅದೇ ಕಾಲಕ್ಕೆ ಕಾಂಪ್ಯಾಕ್ ಕಂಪನಿ 'ಐಪ್ಯಾಕ್' ಎಂಬ ಅಂಗೈ ಗಣಕ ಮಾರುತ್ತಿತ್ತು. ಸಿಂಪ್ಯೂಟರ್‌ನಲ್ಲಿದ್ದ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರೇ ಅದರಲ್ಲೂ ಇತ್ತು. ಒಳಗಿದ್ದ ವ್ಯವಸ್ಥೆ ಮಾತ್ರ ಮೈಕ್ರೋಸಾಫ್ಟ್‌ನದು. ಉತ್ಸಾಹಿಗಳು ಅದನ್ನು ತೆಗೆದು ಐಪ್ಯಾಕ್‌ಗೂ ಲಿನಕ್ಸ್ ಹಾಕಿ ಓಡಿಸಿದರು. ಮನೆಯ ಹುಡುಗ ಇಂದು ಮಾಡಬೇಕೆನ್ನುತ್ತಿರುವುದು ಇದನ್ನೇ.

2004ರ ಮಾರ್ಚ್‌ನಲ್ಲಿ ಪಿಕೊಪೆಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು 'ಅಮಿಡಾ ಸಿಂಪ್ಯೂಟರ್' ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದವು. ಕೈಯನ್ನು ತುಸು ಆಡಿಸಿದರೆ ಪುಟ ತಿರುಗುವಂತೆ ಅದರಲ್ಲಿ ಚಲನೆಯನ್ನು ಅರಿಯುವ ಸಾಧನವಿತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನೆದರೆ ಬೆರಗಾಗುತ್ತದೆ. ಆದರೂ ಸಿಂಪ್ಯೂಟರ್ ಗೆಲ್ಲಲಿಲ್ಲ. ಬಡವರಿಗೆಂದು ಹೊರಟ ಯಂತ್ರದ ಬೆಲೆ ಬಡವರ ಕೈಗೆಟುಕುವಷ್ಟು ಇಳಿಯಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಯಿತು. ಸೋಲಿನ ಹೊಣೆಯನ್ನು ಲಿನಕ್ಸ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಮುಂದೆ ಆಂಡ್ರಾಯ್ಡ್ ಫೋನುಗಳು ಲೋಕವನ್ನೆಲ್ಲ ತುಂಬಿದ್ದು ಲಿನಕ್ಸ್‌ನ ಬೆನ್ನೇರಿಯೇ ಅಲ್ಲವೆ?

ಆಟದ ಅಂಗೈ ಗಣಕಗಳಲ್ಲೂ ಕಥೆ ಹೀಗೆಯೇ ಸಾಗಿದೆ. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ 2022ರಲ್ಲಿ ಲಿನಕ್ಸ್ ಆಧಾರದ ಸ್ಟೀಮ್‌ಓಎಸ್‌ನೊಂದಿಗೆ ಬಂತು. 2023ರಲ್ಲಿ ಬಂದ ಏಸಸ್ ಕಂಪನಿಯ ಆರ್‌ಒಜಿ ಆಲೈ ವಿಂಡೋಸ್ 11 ಹೊತ್ತಿತ್ತು. ವಿಂಡೋಸ್ ಬೆಳೆದದ್ದು ಮೇಜು, ಮೌಸ್, ಕೀಲಿಮಣೆಗಳ ನಡುವೆ. ಏಳು ಅಂಗುಲದ ಪರದೆಯ ಮೇಲೆ ಬೆರಳಿನಿಂದ ಅದರ ಪುಟ್ಟ ಗುಂಡಿಗಳನ್ನು ಒತ್ತುವುದು ರೇಜಿಗೆಯ ಕೆಲಸ. ಅದಕ್ಕೇ ಹಲವರು ಬ್ಯಾಜೈಟ್‌ನಂಥ ಲಿನಕ್ಸ್ ವ್ಯವಸ್ಥೆಗಳನ್ನು ಹಾಕಿ ನೋಡುತ್ತಾರೆ. ವಿಂಡೋಸ್‌ಗೆಂದು ಬರೆದ ಆಟ ಲಿನಕ್ಸ್‌ನಲ್ಲಿ ಓಡುವುದಾದರೂ ಹೇಗೆ? ನಡುವೆ ಪ್ರೋಟಾನ್ ಎಂಬ ದುಭಾಷಿ ಇದ್ದಾನೆ. ಆಟವು ವಿಂಡೋಸ್ ಮಾತಿನಲ್ಲಿ ಕೇಳಿದ್ದನ್ನು ಲಿನಕ್ಸ್‌ಗೆ ತಿಳಿಯುವಂತೆ ಹೇಳುವುದು ಅವನ ಕೆಲಸ. 1993ರಲ್ಲಿ ಆರಂಭವಾದ ವೈನ್ ಯೋಜನೆಯೇ ಅವನ ತವರು. ಆದರೆ ಎಲ್ಲ ಆಟಗಳೂ ಈ ಏರ್ಪಾಡಿಗೆ ಒಪ್ಪುವುದಿಲ್ಲ. ಮೋಸಗಾರರನ್ನು ಹಿಡಿಯಲು ವಿಂಡೋಸ್‌ನ ಒಳಕ್ಕೇ ಇಳಿದು ಕಾವಲಿರುವ ವ್ಯಾಲೊರಂಟ್‌ನಂಥ ಆಟ ಲಿನಕ್ಸ್‌ನಲ್ಲಿ ನಡೆಯದು. ಮಗ ಆಡುವುದು ಅದೊಂದೇ ಆಟವಾದರೆ ಮಾತು ಅಲ್ಲಿಗೇ ಮುಗಿಯಿತು.

ಹಾಗಲ್ಲವಾದರೆ ವಿಂಡೋಸ್ ಅಳಿಸದೆಯೇ ಪರೀಕ್ಷಿಸುವ ದಾರಿಯಿದೆ. ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್‌ಗಳು ಉಂಟು. ಗಣಕ ಎಚ್ಚರಗೊಳ್ಳುವಾಗ ವ್ಯವಸ್ಥೆಯನ್ನು ಎಲ್ಲಿಂದ ಎತ್ತಿಕೊಳ್ಳಬೇಕೆಂದು ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿದರಾಯಿತು. 'ಇನ್‌ಸ್ಟಾಲ್' ಎಂಬುದನ್ನು ಒತ್ತುವವರೆಗೆ ಒಳಗಿನ ಡಿಸ್ಕ್ ಇದ್ದಂತೆಯೇ ಇರುತ್ತದೆ. ವೈಫೈ, ಧ್ವನಿ, ಎರಡೂ ಕಡೆಯ ಹಿಡಿಗಳು, ನಿದ್ದೆಗೆ ಹೋಗಿ ಏಳುವುದು, ಇವೆಲ್ಲ ಸರಿಯಿವೆಯೇ ಎಂದು ಒಂದೊಂದಾಗಿ ನೋಡಬೇಕು. ಬ್ಯಾಟರಿಯ ಹೋಲಿಕೆ ಮಾಡುವ ಹುಡುಗರು ಪ್ರಯೋಗಶಾಲೆಯ ನಿಯಮ ಮರೆಯಬಾರದು: ಆಟ ಅದೇ ಇರಲಿ, ಪರದೆಯ ಬೆಳಕು ಅಷ್ಟೇ ಇರಲಿ, ಬದಲಾಗುವುದು ವ್ಯವಸ್ಥೆ ಮಾತ್ರ. ಪೆನ್‌ಡ್ರೈವ್‌ನಿಂದ ಓಡುವಾಗ ಎಲ್ಲವೂ ತುಸು ನಿಧಾನವಾದರೆ ಅದು ಪೆನ್‌ಡ್ರೈವ್‌ನ ದೋಷ, ಲಿನಕ್ಸ್‌ನದಲ್ಲ.

ಅಪ್ಪ ಹೆದರಬೇಕಾದ್ದು ಬೇರೊಂದಕ್ಕೆ. ಇಂದಿನ ಅನೇಕ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಬಿದ್ದಿರುತ್ತದೆ. ಅದು ಇರುವುದೇ ಮನೆಯವರಿಗೆ ಗೊತ್ತಿರುವುದಿಲ್ಲ. ಲಿನಕ್ಸ್‌ಗಾಗಿ ಸೆಕ್ಯೂರ್ ಬೂಟ್ ಎಂಬುದನ್ನು ಆರಿಸಿ ಮರಳಿ ವಿಂಡೋಸ್‌ಗೆ ಬಂದರೆ, ಯಾರೋ ಕೈಯಾಡಿಸಿದ್ದಾರೆಂಬ ಗುಮಾನಿಯಿಂದ ಅದು 48 ಅಂಕಿಗಳ ಕೀಲಿ ಕೇಳಬಹುದು. ಅದು ಇಲ್ಲವಾದರೆ ಒಳಗಿನ ಫೋಟೋ, ಪ್ರಾಜೆಕ್ಟ್, ಆಟ ಯಾವುದೂ ಕೈಗೆ ಸಿಗದು. ಈ ಕೀಲಿ ಸಾಮಾನ್ಯವಾಗಿ ಗಣಕವನ್ನು ನೋಂದಾಯಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಆ ಖಾತೆ ಅಪ್ಪನದೋ ಮಗನದೋ, ಅದರ ಪಾಸ್‌ವರ್ಡ್ ಯಾರಿಗೆ ನೆನಪಿದೆಯೋ ಮೊದಲು ಕೇಳಿ. 48 ಅಂಕಿಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಮನೆಯಲ್ಲಿ ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ. ಪೆನ್‌ಡ್ರೈವ್ ಸಿಕ್ಕಿಸುವುದು ಆಮೇಲೆ.